ಮನೆಯಲ್ಲಿ ಕೋವಿಮದ್ದನ್ನು ನಿರಪಾಯವಾಗಿ ಇಟ್ಟುಕೊಳ್ಳುವ ಕ್ರಮ

(ಮಲೆನಾಡಿನ ಒಂದು ಗ್ರಾಮದಲ್ಲಿ ಸೇರಿದ್ದ ರೈತರ ಸಭೆಯಲ್ಲಿ ವ್ಯವಸಾಯದ ಇಲಾಖೆಯ ಇನ್‌ಸ್ಪೆಕ್ಟರೊಬ್ಬರು ಮಾಡಿದ ಉಪನ್ಯಾಸ)



ಗೊಬ್ಬರ, ಬಿತ್ತನೆ, ಕೊಳೆರೋಗ ಇವುಗಳ ವಿಷಯವಾಗಿ ತಮ್ಮೊಡನೆ ಮಾತನಾಡುವುದು ನನ್ನ ವಾಡಿಕೆ. ಈ ದಿನ ಕೋವಿಮದ್ದಿನ ಮಾತನ್ನು ಎತ್ತಿಕೊಂಡಿರುವುದು ತಮ್ಮಲ್ಲಿ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಮಲೆನಾಡಿನಲ್ಲಿಯೂ ಕಾಡಂಚಿನ ಸೀಮೆಗಳಲ್ಲಿಯೂ ಕೋವಿಯು ನೇಗಿಲು, ಹಾರೆ, ಕತ್ತಿಗಳಂತೆ ಬೇಸಾಯದ ಮನೆಯ ಒಂದು ಸಾಧನವಾಗಿ ಬಂದಿದೆ. ಭತ್ತ ಹಾಲುಗಟ್ಟುವ ಕಾಲದಲ್ಲಿ ಹಂದಿಗಳ ಹಿಂಡೊಂದು ಗದ್ದೆಗಿಳಿದರೆ ಒಂದೇ ರಾತ್ರಿಯಲ್ಲಿ ಆಗುವ ನಷ್ಟವನ್ನು ತಮಗೆ ನಾನು ಹೇಳಬೇಕಾದುದಿಲ್ಲ. ಆದಕಾರಣ ಬೆಳೆಯ ರಕ್ಷಣೆಗಾಗಿ ಲೈಸೆನ್ಸು ಪಡೆದು ಕೋವಿಯನ್ನು ಇಟ್ಟುಕೊಂಡವರು ಅನೇಕರು. ಕೋವಿ ಇರುವ ಮನೆಯಲ್ಲಿ ಮದ್ದೂ ಇರುತ್ತದೆ. ಕೋವಿಯನ್ನು ಗೋಡೆಗೆ ತೂಗುಹಾಕಿ ಎಲ್ಲರಿಗೂ ಕಾಣುವಂತೆ ಇಡುತ್ತೇವೆ. ಮದ್ದಿನ ಡಬ್ಬವನ್ನಾದರೋ ಕಣ್ಣಿಗೆ ಕಾಣದ ಯಾವುದೋ ಮೂಲೆಯಲ್ಲಿಟ್ಟು ಮರೆತುಬಿಡುತ್ತೇವೆ. ಅಪಾಯವಿರುವುದು ಈ ಮರೆವಿನಲ್ಲಿ.

ಈ ವಿಷಯವನ್ನು ನಾನು ಏತಕ್ಕಾಗಿ ಆರಿಸಿಕೊಂಡೆನೆಂಬುದನ್ನು ಮೊದಲು ಅರಿಕೆಮಾಡಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಭತ್ತದ ಬೆಂಕಿರೋಗವನ್ನು ಪರೀಕ್ಷಿಸುವುದಕ್ಕಾಗಿ ನಾನು ಒಂದು ಗ್ರಾಮಕ್ಕೆ ಹೋಗಿದ್ದೆನು. ನವರಾತ್ರಿ ಕಳೆದು ಮಳೆ ಹಿಂಜರಿದಿತ್ತು. ನಾನು ಇಳಿದುಕೊಳ್ಳಬೇಕಾಗಿದ್ದ ಮನೆಯ ಯಜಮಾನರು ಬಹಳ ಜಾಗರೂಕರಾದ ಗೃಹಸ್ಥರು. ಲೆಕ್ಕ ಪತ್ರಗಳನ್ನಾಗಲಿ ಬೀಜದ ಭತ್ತವನ್ನಾಗಲಿ ಅವರು ಅಸಡ್ಡೆಯಿಂದ ಇಟ್ಟುದನ್ನು ನಾನು ಕಂಡವನಲ್ಲ. ಗದ್ದೆಗೆ ಹಂದಿ ಬಿದ್ದುದರಿಂದ ಅವರು ಎರಡು ದಿನ ಮುಂಚೆ ಅಟ್ಟದ ಮೇಲಿನ ಮದ್ದಿನ ಡಬ್ಬವನ್ನು ಇಳಿಸಿ ನೋಡಲಾಗಿ, ಮಳೆಗಾಲದ ತೇವಕ್ಕೆ ಮದ್ದು ಗಂಟುಗಂಟಾಗಿದ್ದಿತು. ಅದನ್ನು ಒಂದು ಮೊರದಲ್ಲಿ ಹರವಿ ಬಚ್ಚಲೊಲೆಯ ಕಟ್ಟೆಯ ಮೇಲೆ ಇಟ್ಟರು. ಹನ್ನೆರಡು ವರ್ಷದ ಮೊಮ್ಮಗನು ಸ್ನಾನದ ನೀರು ಕಾಯಿಸಲೆಂದು ಒಲೆಗೆ ಕಟ್ಟಿಗೆ ನೂಕಿದನು. ಒಂದು ಕಿಡಿ ಹಾರಿತು. ಮದ್ದು ಇದ್ದುದು ಒಂದು ಬೊಗಸೆಯಷ್ಟು ಮಾತ್ರ. ಹುಡುಗನ ಮುಖವೂ ಎರಡು ಕೈಗಳೂ ಸುಟ್ಟುಹೋದುವು. ಒಂದು ಕಣ್ಣು ಉಳಿಯಲಿಲ್ಲ.

ಆ ಯಜಮಾನರು ನನ್ನೊಡನೆ ಆಡಿದ ಮಾತು ಇಂದಿಗೂ ನನ್ನ ನೆನಪಿನಲ್ಲಿದೆ. “ಸ್ವಾಮಿ, ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಒಣಗಬೇಕಾದ್ದೆಲ್ಲವೂ ಒಲೆಯ ಬಳಿಯೇ ಒಣಗುವುದು. ಬಟ್ಟೆ ಹಾಗೆ, ಹಪ್ಪಳ ಹಾಗೆ, ಬೀಜ ಹಾಗೆ. ಮದ್ದೂ ಹಾಗೆಯೇ ಎಂದು ಇಟ್ಟೆ” ಎಂದರು. ಅದರ ಹಿಂದಿನ ವರ್ಷ ಅದೇ ಮನೆಯ ಜಗಲಿಯ ಮೇಲೆ ಕುಳಿತು ನಾನು ಹಂದಿಯ ಕಾಟದ ವಿಷಯವಾಗಿ ಒಂದು ಗಂಟೆಯ ಕಾಲ ಮಾತನಾಡಿದ್ದೆನು. ಬೇಲಿ, ಕಾವಲು, ಕೋವಿ ಎಲ್ಲವನ್ನೂ ಹೇಳಿದೆನು. ಮದ್ದನ್ನು ಎಲ್ಲಿಡುತ್ತೀರಿ ಎಂದು ಒಂದು ಮಾತು ಕೇಳಲಿಲ್ಲ. ಆ ಲೋಪವನ್ನು ಈಗ ತುಂಬಿಕೊಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

1. ಮದ್ದಿನ ಸ್ವಭಾವ

ಕರಿಮದ್ದೆಂಬುದು ಪೆಟ್ಲುಪ್ಪು, ಗಂಧಕ, ಇದ್ದಲು ಇವುಗಳ ಮಿಶ್ರಣವೆಂಬುದನ್ನು ತಾವು ಬಲ್ಲಿರಿ. ಇದರಲ್ಲಿ ಮುಖ್ಯವಾಗಿ ತಿಳಿಯಬೇಕಾದ ಅಂಶವೊಂದುಂಟು. ಕಟ್ಟಿಗೆಯಾಗಲಿ ಎಣ್ಣೆಯಾಗಲಿ ಉರಿಯಬೇಕಾದರೆ ಹೊರಗಿನ ಗಾಳಿ ಬೇಕು; ಕಂಬಳಿ ಮುಚ್ಚಿದರೆ, ಮಣ್ಣು ಎರಚಿದರೆ ಆ ಬೆಂಕಿ ನಂದುತ್ತದೆ. ಕೋವಿಮದ್ದಿಗೆ ಹೊರಗಿನ ಗಾಳಿಯ ಹಂಗಿಲ್ಲ. ಉರಿಯುವುದಕ್ಕೆ ಬೇಕಾದ ಪ್ರಾಣವಾಯು ಪೆಟ್ಲುಪ್ಪಿನೊಳಗೇ ಅಡಗಿರುತ್ತದೆ. ಆದುದರಿಂದ ಹತ್ತಿಕೊಂಡ ಮದ್ದನ್ನು ಮುಚ್ಚಿ ಆರಿಸುವುದು ಸಾಧ್ಯವಿಲ್ಲ. ಮುಚ್ಚಿದಷ್ಟೂ ಅದರ ಒತ್ತಡ ಹೆಚ್ಚುತ್ತದೆ. ಕೋವಿಯ ನಳಿಗೆಯಲ್ಲಿ ಗುಂಡನ್ನು ದೂರಕ್ಕೆ ತಳ್ಳುವುದೂ ಈ ಒತ್ತಡವೇ, ಕಬ್ಬಿಣದ ಪೆಟ್ಟಿಗೆಯೊಳಗಿದ್ದರೆ ಪೆಟ್ಟಿಗೆಯನ್ನು ಚೂರುಚೂರಾಗಿ ಮನೆಮಂದಿಯ ಮೇಲೆ ಎಸೆಯುವುದೂ ಈ ಒತ್ತಡವೇ.

ಎರಡನೆಯದಾಗಿ, ಕರಿಮದ್ದು ಒಂದು ಕಿಡಿಗೂ ಹತ್ತಿಕೊಳ್ಳುತ್ತದೆ. ಬೀಡಿಯ ಕೆಂಡ, ದೀಪದ ಕುಡಿ, ಕಬ್ಬಿಣಕ್ಕೆ ಕಬ್ಬಿಣವೋ ಕಲ್ಲೋ ತಾಕಿ ಹುಟ್ಟಿದ ಕಿಡಿ, ವಿದ್ಯುತ್ತಿನ ಗುಂಡಿಯೊಳಗಿನ ಕಿಡಿ, ಇವುಗಳಲ್ಲಿ ಯಾವುದಾದರೂ ಸಾಕು.

ಮದ್ದಿನ ದಾಸ್ತಾನಿಗೆ ಬೆಂಕಿ ತಗುಲಿದರೆ ಏನಾಗುವುದೆಂಬುದಕ್ಕೆ ನಮ್ಮ ನಾಡಿನ ಚರಿತ್ರೆಯಲ್ಲಿಯೇ ನಿದರ್ಶನಗಳುಂಟು. ಶ್ರೀರಂಗಪಟ್ಟಣದ ದರಿಯಾ ದೌಲತ್ತಿಗೆ ಹೋದವರು ಅಲ್ಲಿಯ ಗೋಡೆಯ ಮೇಲೆ ಪೊಳ್ಳಿಲೂರಿನ ಯುದ್ಧದ ಚಿತ್ರವನ್ನು ನೋಡಿರಬಹುದು. 1780ನೆಯ ಇಸವಿ ಸೆಪ್ಟೆಂಬರ್ 10ರಂದು ನಡೆದ ಆ ಯುದ್ಧದಲ್ಲಿ ಕರ್ನಲ್ ಬೈಲಿಯ ದಂಡಿನ ಮದ್ದಿನ ಬಂಡಿಗಳು ಸಿಡಿದುವು; ಅನಂತರ ಆ ದಂಡು ಹೈದರಾಲಿಯ ಸೈನ್ಯಕ್ಕೆ ಶರಣಾಗತವಾಯಿತು. ಚಿತ್ರಕಾರನು ಸಿಡಿಯುವ ಬಂಡಿಯನ್ನೂ ಬಿಡದೆ ಬರೆದಿದ್ದಾನೆ. 1799ನೆಯ ಇಸವಿ ಮೇ 2ರಂದು, ಮುತ್ತಿಗೆಯಲ್ಲಿದ್ದ ಶ್ರೀರಂಗಪಟ್ಟಣದ ಕೋಟೆಯೊಳಗೆ ಬಾಣಗಳನ್ನು ತುಂಬಿದ್ದ ಉಗ್ರಾಣಕ್ಕೆ ಶತ್ರುವಿನ ಗುಂಡು ತಗುಲಿ ಘೋರವಾದ ಸ್ಫೋಟವಾಯಿತು. ಯುದ್ಧವನ್ನು ಬಲ್ಲವರೂ ತಮ್ಮ ಮದ್ದಿನಿಂದಲೇ ಹಾನಿಗೊಂಡರೆಂದ ಮೇಲೆ, ಬೇಸಾಯಗಾರರಾದ ನಾವು ಎಷ್ಟು ಎಚ್ಚರದಿಂದಿರಬೇಕು!

2. ಎಷ್ಟು ಇಡಬೇಕು

ಮದ್ದನ್ನು ನಿರಪಾಯವಾಗಿಡುವ ಮೊದಲನೆಯ ಉಪಾಯವೆಂದರೆ ಹೆಚ್ಚಾಗಿ ಇಡದಿರುವುದು. ಲೈಸೆನ್ಸಿನಲ್ಲಿ ಬರೆದಿರುವ ಮೇರೆಯು ಇಡಬಹುದಾದ ಪರಮಾವಧಿಯೇ ಹೊರತು ಅಷ್ಟನ್ನು ತಂದಿಡಬೇಕೆಂಬ ಅಪ್ಪಣೆಯಲ್ಲ. ಒಂದು ಬೆಳೆಗೆ ಸಾಲುವಷ್ಟನ್ನು ಮಾತ್ರ, ಮಳೆ ಹಿಂಜರಿದ ಮೇಲೆ, ಲೈಸೆನ್ಸುಳ್ಳ ಅಂಗಡಿಯಿಂದ ತಂದುಕೊಳ್ಳುವುದು ಉತ್ತಮ. ಹೀಗೆ ಮಾಡಿದರೆ ಜ್ಯೇಷ್ಠದಿಂದ ಭಾದ್ರಪದದವರೆಗಿನ ತೇವದಲ್ಲಿ ಮದ್ದನ್ನು ಕಾಯುವ ಕಷ್ಟವೇ ಇರುವುದಿಲ್ಲ. ಅದನ್ನು ರೈಲಿನಲ್ಲಾಗಲಿ ಬಸ್ಸಿನಲ್ಲಾಗಲಿ ಇತರ ಸಾಮಾನುಗಳೊಡನೆ ಒಯ್ಯಕೂಡದು. ಅದು ಸಹಪ್ರಯಾಣಿಕರಿಗೆ ಅಪಾಯಕರ, ನಿಯಮಕ್ಕೂ ವಿರುದ್ಧ.

ಕೆಲವರು ಅಂಗಡಿಯ ಮದ್ದು ದುಬಾರಿಯೆಂದು ಮನೆಯಲ್ಲಿಯೇ ಅರೆಯುವುದುಂಟೆಂದು ಕೇಳಿದ್ದೇನೆ. ಇದನ್ನು ಎಂದಿಗೂ ಮಾಡಕೂಡದು. ಸಿಡಿಮದ್ದುಗಳ ತಯಾರಿಕೆಯು 1884ನೆಯ ಇಸವಿಯ ಸ್ಫೋಟಕ ವಸ್ತುಗಳ ಶಾಸನಕ್ಕೆ ಒಳಪಟ್ಟದ್ದು. ಲೈಸೆನ್ಸಿಲ್ಲದೆ ಮಾಡುವುದು ಅಪರಾಧ. ಶಾಸನಕ್ಕಿಂತ ಮುಂಚೆಯೇ ಅರೆಯುವ ಕಲ್ಲು ಶಿಕ್ಷೆ ಕೊಡಬಹುದೆಂಬುದನ್ನು ಮರೆಯಬಾರದು.

3. ಎಲ್ಲಿ ಇಡಬಾರದು

ನಮ್ಮ ಮನೆಗಳಲ್ಲಿ ಮದ್ದನ್ನಿಡುವ ಸ್ಥಳ ಬಹುಮಟ್ಟಿಗೆ ಅಡಿಗೆಯ ಮನೆಯ ಮೇಲಿನ ಅಟ್ಟವೇ ಆಗಿದೆ. ಹೊಗೆಯಾಡಿ ಅಲ್ಲಿ ತೇವ ನಿಲ್ಲುವುದಿಲ್ಲವೆಂಬುದು ಇದಕ್ಕೆ ಕಾರಣ. ಬೀಜಕ್ಕೂ ಮೆಣಸಿಗೂ ಅದು ಒಳ್ಳೆಯ ಸ್ಥಳವೇ. ಮದ್ದಿಗೆ ಅದಕ್ಕಿಂತ ಕೆಟ್ಟ ಸ್ಥಳ ಮತ್ತೊಂದಿಲ್ಲ. ಒಲೆಯ ಕಿಡಿ ಮೇಲಕ್ಕೇ ಹಾರುತ್ತದೆ. ಮನೆಗೆ ಬೆಂಕಿ ಬಿದ್ದರೆ ಮೊದಲು ಉರಿಯುವುದೂ ಅಟ್ಟವೇ. ತಗಡು ಹೊದೆಸಿದ ಮಾಡಿನ ಕೆಳಗಾದರೆ ಬೇಸಿಗೆಯ ಕಾವೂ ಸೇರುತ್ತದೆ.

ಹೀಗೆಯೇ ಮಲಗುವ ಕೋಣೆ, ದೇವರ ಮನೆ, ಜನರು ಹೊರಗೆ ಹೋಗುವ ಬಾಗಿಲಿನ ಪಕ್ಕ, ಮೆಟ್ಟಲಿನ ಕೆಳಗು, ವಿದ್ಯುತ್ತಿನ ಮೀಟರು ಮತ್ತು ಬ್ಯಾಟರಿಗಳಿರುವ ಜಾಗ, ಹುಲ್ಲಿನ ಬಣವೆ, ಕೊಟ್ಟಿಗೆಯ ಅಟ್ಟ, ಮೋಟಾರು ವಾಹನಗಳನ್ನು ನಿಲ್ಲಿಸುವ ಸ್ಥಳ, ಇವು ಯಾವುವೂ ಮದ್ದಿಗೆ ತಕ್ಕವಲ್ಲ. ಸೀಮೆಎಣ್ಣೆ, ಪೆಟ್ರೋಲು, ಡೀಸೆಲ್ಲು, ಕೋವಿಗೆ ಹಚ್ಚುವ ಎಣ್ಣೆ, ಎಣ್ಣೆ ಒರೆಸಿದ ಬಟ್ಟೆ ಇವು ಹತ್ತಿರವಿರಕೂಡದು.

ನಮ್ಮ ಇಲಾಖೆಯ ಸಂಬಂಧದಿಂದ ಇನ್ನೊಂದು ಮಾತನ್ನು ಹೇಳಲೇಬೇಕು. ಗೊಬ್ಬರ, ಔಷಧಿ, ಮದ್ದು ಎಲ್ಲವನ್ನೂ ಒಂದೇ ಉಗ್ರಾಣದಲ್ಲಿ ತುಂಬುವುದು ಅನೇಕರ ಪದ್ಧತಿ. ನೈಟ್ರೇಟು ಗೊಬ್ಬರಗಳು ಪೆಟ್ಲುಪ್ಪಿನ ಜಾತಿಗೇ ಸೇರಿದುವು. ಬೆಂಕಿ ಬಿದ್ದರೆ ಉರಿಯನ್ನು ಹೆಚ್ಚಿಸುತ್ತವೆ. ಬೆಳೆಗೆ ದೂಳಿಸುವ ಗಂಧಕವು ತಾನೇ ಉರಿಯುವ ವಸ್ತು. ಅಡಿಕೆಯ ತೋಟಕ್ಕೆ ಬೋರ್ಡೊ ಮಿಶ್ರಣವನ್ನು ಸಿಂಪಡಿಸುವವರ ಮನೆಯಲ್ಲಿ ಸುಟ್ಟ ಸುಣ್ಣ ಇದ್ದೇ ಇರುತ್ತದೆ. ಮಾಡು ಸೋರಿ ಈ ಸುಣ್ಣಕ್ಕೆ ನೀರು ಬಿದ್ದರೆ ಅದು ಕುದಿಯುವಷ್ಟು ಕಾಯುತ್ತದೆ. ಆದುದರಿಂದ ಇವುಗಳಲ್ಲಿ ಯಾವುದನ್ನೂ ಮದ್ದಿರುವ ಕೋಣೆಯಲ್ಲಿ ಇಡತಕ್ಕದ್ದಲ್ಲ.

4. ಎಲ್ಲಿ, ಯಾವುದರಲ್ಲಿ ಇಡಬೇಕು

ಒಲೆಗೂ ದೀಪಕ್ಕೂ ದೂರವಾದ, ತಂಪಾದ, ಒಣಗಿದ, ಬಿಸಿಲು ನೇರವಾಗಿ ಬೀಳದ ಒಂದು ಒಳಗೋಡೆಯ ಜಾಗವನ್ನು ಆರಿಸಬೇಕು. ಮಳೆಯ ಹೊಡೆತ ತಾಗುವ ಹೊರಗೋಡೆ ಬೇಡ. ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ ಹಲಗೆಯನ್ನು ಭದ್ರವಾಗಿ ಹಾಕಿಸಿದರೆ ನೆಲದ ತೇವ ತಗುಲುವುದಿಲ್ಲ. ಎತ್ತರದಿಂದ ಬೀಳುವ ಭಯವೂ ಇಲ್ಲ.

ಮದ್ದನ್ನು ಅಂಗಡಿಯಿಂದ ತಂದ ಡಬ್ಬದಲ್ಲಿಯೇ, ಅದರ ಚೀಟಿ ಕೀಳದಂತೆ, ಮುಚ್ಚಳವನ್ನು ಬಿಗಿಯಾಗಿ ಮುಚ್ಚಿ ಇಡಬೇಕು. ಉಪ್ಪಿನಕಾಯಿಯ ಭರಣಿ, ಗಾಜಿನ ಸೀಸೆ, ಬಿಸ್ಕತ್ತಿನ ಡಬ್ಬ, ತಾಮ್ರದ ಚೊಂಬು ಇವುಗಳಿಗೆ ಸುರಿದಿಡುವ ಅಭ್ಯಾಸವನ್ನು ಬಿಡಬೇಕು. ಗಾಜು ಸಿಡಿದರೆ ಒಂದೊಂದು ಚೂರೂ ಗುಂಡಿನಂತೆ ಹಾರುತ್ತದೆ. ಅಲ್ಲದೆ ಚೀಟಿಯಿಲ್ಲದ ಡಬ್ಬದಲ್ಲಿರುವ ಕರಿಯ ಪುಡಿಯನ್ನು ಮನೆಯ ಹೆಂಗಸರು ಹಲ್ಲುಪುಡಿಯೆಂದೋ ಮಸಿಯೆಂದೋ ತಿಳಿದರೆ ಅವರ ತಪ್ಪೇನೂ ಇಲ್ಲ.

ಆ ಡಬ್ಬವನ್ನು ಒಂದು ಮರದ ಪೆಟ್ಟಿಗೆಯಲ್ಲಿಡಬೇಕು. ಅಮೆರಿಕ ದೇಶದ ಅಗ್ನಿನಿರೋಧದ ನಿಯಮಗಳಲ್ಲಿಯೂ ಮನೆಯಲ್ಲಿಡುವ ಕರಿಮದ್ದಿಗೆ ಕನಿಷ್ಠ ಒಂದು ಅಂಗುಲ ದಪ್ಪದ ಹಲಗೆಯ, ಎತ್ತಿಕೊಂಡು ಹೋಗಬಹುದಾದ ಪೆಟ್ಟಿಗೆಯನ್ನೇ ವಿಧಿಸಿದ್ದಾರೆ. ಹೊನ್ನೆ, ಹಲಸು ಮೊದಲಾದ ಮರಗಳು ನಮ್ಮಲ್ಲಿ ದೊರೆಯುವಾಗ ಊರಿನ ಆಚಾರಿಯಿಂದ ಇದನ್ನು ಮಾಡಿಸುವುದು ಕಷ್ಟವಲ್ಲ. ಮರವು ಹೊರಗಿನ ಕಾವನ್ನು ಬೇಗ ಒಳಕ್ಕೆ ಬಿಡುವುದಿಲ್ಲ, ಕಿಡಿಯನ್ನು ಹುಟ್ಟಿಸುವುದಿಲ್ಲ, ಒಳಗೆ ಮದ್ದು ಹತ್ತಿದರೂ ಬೇಗ ಬಿರಿದು ಒತ್ತಡವನ್ನು ಹೊರಕ್ಕೆ ಬಿಟ್ಟುಕೊಡುತ್ತದೆ. ಈ ಕಾರಣದಿಂದಲೇ ಕಬ್ಬಿಣದ ಟ್ರಂಕು, ತಿಜೋರಿಗಳು ಕೂಡದು. ಅವು ಭದ್ರವಾದಷ್ಟೂ ಅಪಾಯ ಹೆಚ್ಚು. ಪೆಟ್ಟಿಗೆಯ ಒಳಮೈಯಲ್ಲಿ ಕಬ್ಬಿಣದ ಮೊಳೆಯ ತಲೆ ಕಾಣದಂತೆ ಮರದ ಗೂಟವನ್ನೋ ಹಿತ್ತಾಳೆಯ ತಿರುಪನ್ನೋ ಹಾಕಿಸಬೇಕು. ಬೀಗವೂ ಹಿತ್ತಾಳೆಯದಾಗಿರಲಿ. ಬೀಗದ ಕೈ ಯಜಮಾನನಲ್ಲಿಯೇ ಇರಬೇಕು. ಗೋಡೆಯ ಮೊಳೆಗೆ ತೂಗಿಹಾಕಿದರೆ ಬೀಗವಿದ್ದೂ ಇಲ್ಲದಂತೆಯೇ. ಪೆಟ್ಟಿಗೆಯ ಹೊರಗೆ “ಮದ್ದು, ಬೆಂಕಿ ತರಬಾರದು” ಎಂದು ದೊಡ್ಡ ಅಕ್ಷರಗಳಲ್ಲಿ ಬರೆಸತಕ್ಕದ್ದು.

5. ತೇವದಿಂದ ಕಾಪಾಡುವುದು

ಎಲ್ಲ ತೊಂದರೆಗೂ ಮೂಲ ಇಲ್ಲಿಯೇ ಇದೆ. ಆಗುಂಬೆಯಂಥ ಸ್ಥಳದಲ್ಲಿ ವರ್ಷಕ್ಕೆ ಸಾಧಾರಣವಾಗಿ 7,000 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಬೀಳುತ್ತದೆ. ಇಂಥ ಸೀಮೆಯಲ್ಲಿ ಮದ್ದನ್ನು ಒಣಗಿದಂತೆ ಇಡಬೇಕೆಂದರೆ ಬೆಂಕಿಯ ಬಳಿಗೆ ಒಯ್ಯಬೇಕೆಂದು ಮನಸ್ಸಿಗೆ ತೋರುವುದು ಸಹಜ. ಆದರೆ ಮದ್ದಿಗೆ ಬೇಕಾದುದು ಶಾಖವಲ್ಲ, ತೇವದ ಗಾಳಿ ಒಳಗೆ ನುಗ್ಗದಂತಹ ಮುಚ್ಚಳ. ಈ ಭೇದವನ್ನು ಮನಸ್ಸಿನಲ್ಲಿಟ್ಟರೆ ಅರ್ಧ ಅಪಾಯ ತಪ್ಪಿದಂತೆ.

ಮುಚ್ಚಳ ಬಿಗಿಯಾಗಿರಲಿ. ಮಳೆ ಬೀಳುವ ದಿನ ಡಬ್ಬವನ್ನು ಸುಮ್ಮನೆ ತೆರೆದು ನೋಡಬೇಡಿ. ಪ್ರತಿಯೊಂದು ಸಲ ತೆರೆದಾಗಲೂ ತೇವ ಒಳಗೆ ಸೇರುತ್ತದೆ. ಸಿಲಿಕಾ ಜೆಲ್ಲೆಂಬ ತೇವಹೀರುವ ಹರಳಿನ ಚೀಲಗಳನ್ನು ಮರದ ಪೆಟ್ಟಿಗೆಯೊಳಗೆ, ಡಬ್ಬದ ಹೊರಗೆ, ಇಟ್ಟರೆ ಸಹಾಯವಾಗುತ್ತದೆ. ತೇವ ಹೀರಲೆಂದು ಸುಟ್ಟ ಸುಣ್ಣವನ್ನು ಇಡುವುದು ಹಿಂದೆ ಹೇಳಿದ ಕಾರಣದಿಂದ ಸರ್ವಥಾ ಕೂಡದು.

ಇಷ್ಟಾದರೂ ಮದ್ದು ಗಂಟುಕಟ್ಟಿದರೆ ಅದನ್ನು ಒಲೆಯ ಬಳಿಯಲ್ಲಿಯೂ ಬಿಸಿಲಿನಲ್ಲಿಯೂ ಒಣಗಿಸಬೇಡಿ. ಗಂಟನ್ನು ಕುಟ್ಟಿ ಪುಡಿಮಾಡಬೇಡಿ. ತೇವ ತಗುಲಿದಾಗ ಪೆಟ್ಲುಪ್ಪು ಕರಗಿ ಬೇರೆಯಾಗುವುದರಿಂದ ಒಣಗಿದ ಮೇಲೂ ಮದ್ದು ಮೊದಲಿನಂತಾಗುವುದಿಲ್ಲ. ಒಂದು ಈಡು ತಣ್ಣಗೆ ಉರಿದರೆ ಮತ್ತೊಂದು ಜೋರಾಗಬಹುದು. ಅದರ ಬೆಲೆ ಕೆಲವು ರೂಪಾಯಿಗಳು ಮಾತ್ರ. ಆ ಹುಡುಗನ ಕಣ್ಣನ್ನು ನೋಡಿದವನು ಆ ರೂಪಾಯಿಗಳ ಆಸೆಯನ್ನು ಸುಲಭವಾಗಿ ಬಿಡಬಲ್ಲನು.

6. ಹೊಗೆಯಿಲ್ಲದ ಮದ್ದು ಮತ್ತು ಕೇಪುಗಳು

ತೋಟೆ ಕೋವಿಗಳಿಗೆ ಉಪಯೋಗಿಸುವ ಹೊಗೆಯಿಲ್ಲದ ಮದ್ದನ್ನು 1884ನೆಯ ಇಸವಿಯಲ್ಲಿ ಫ್ರಾನ್ಸಿನ ಪಾಲ್ ವ್ಯೇಯಿ ಎಂಬ ರಸಾಯನಶಾಸ್ತ್ರಜ್ಞನು ಕಂಡುಹಿಡಿದನು. ಇದು ಕರಿಮದ್ದಿನಂತೆ ಕಂಡರೂ ಬೇರೆ ವಸ್ತು. ಬಲವೂ ಬಹಳ ಹೆಚ್ಚು. ಇದನ್ನು ಕೇಪಿನ ಕೋವಿಗೆ ತುಂಬಿದರೆ ನಳಿಗೆಯೇ ಒಡೆದು ಹೊಡೆದವನ ಕೈ ಹೋಗಬಹುದು. ಎರಡು ಬಗೆಯ ಮದ್ದುಗಳನ್ನು ಬೇರೆ ಬೇರೆ ಪೆಟ್ಟಿಗೆಗಳಲ್ಲಿಡುವುದಕ್ಕೂ, ಒಂದರ ಡಬ್ಬಕ್ಕೆ ಇನ್ನೊಂದನ್ನು ಸುರಿಯಬಾರದೆಂಬುದಕ್ಕೂ ಇದೇ ಕಾರಣ.

ಹೊಗೆಯಿಲ್ಲದ ಮದ್ದು ಕಾಲಕ್ರಮದಲ್ಲಿ ಕೆಡುತ್ತದೆ. ಶಾಖದಲ್ಲಿಟ್ಟರೆ ಬೇಗ ಕೆಡುತ್ತದೆ. ಕೆಟ್ಟಾಗ ಹುಳಿಯಾದ, ಮೂಗಿಗೆ ಚುಚ್ಚುವ ವಾಸನೆ ಬರುವುದು. ಕೆಂಗಂದು ಬಣ್ಣದ ಹೊಗೆಯೋ ದೂಳೋ ಕಾಣುವುದು. ಡಬ್ಬದ ಒಳಮೈ ತುಕ್ಕು ಹಿಡಿಯುವುದು. ಇಂಥ ಮದ್ದು ತನ್ನಷ್ಟಕ್ಕೆ ತಾನೇ ಕಾದು ಹತ್ತಿಕೊಳ್ಳಬಲ್ಲದು. ಈ ಗುರುತುಗಳನ್ನು ಕಂಡ ಕೂಡಲೆ ಅದನ್ನು ಕೆದಕದೆ, ಮನೆಯವರನ್ನು ದೂರವಿಟ್ಟು, ಪೋಲೀಸು ಠಾಣೆಗೆ ತಿಳಿಸಬೇಕು.

ಕೇಪುಗಳು ಗಾತ್ರದಲ್ಲಿ ಚಿಕ್ಕವಾದರೂ ಪೆಟ್ಟಿಗೂ ಶಾಖಕ್ಕೂ ಸಿಡಿಯತಕ್ಕವು. ಅವುಗಳನ್ನು ಮಾರುವವರು ಕೊಟ್ಟ ಪೆಟ್ಟಿಗೆಯಲ್ಲಿಯೇ ಇಡಬೇಕು. ಸೀಸೆಯಲ್ಲಿ ಒಟ್ಟಾಗಿ ಸುರಿದಿಟ್ಟರೆ ಒಂದು ಸಿಡಿದಾಗ ಎಲ್ಲವೂ ಒಮ್ಮೆಗೇ ಸಿಡಿಯುತ್ತವೆ. ಮದ್ದಿನ ಪೆಟ್ಟಿಗೆಯೊಳಗೆ ಕೇಪನ್ನು ಎಂದಿಗೂ ಇಡಕೂಡದು. ಅಂಗಿಯ ಜೇಬಿನಲ್ಲಿ ಉಳಿದ ಕೇಪುಗಳು ಮಕ್ಕಳ ಕೈಗೆ ಸಿಕ್ಕಿ, ಅವರು ಕಲ್ಲಿನಿಂದ ಜಜ್ಜಿ ನೋಡುವುದುಂಟು. ಗದ್ದೆಯಿಂದ ಬಂದ ಕೂಡಲೆ ಜೇಬನ್ನು ನೋಡಿಕೊಳ್ಳಿರಿ.

7. ತೋಟೆ ತುಂಬುವಾಗ

ಖಾಲಿ ತೋಟೆಗಳನ್ನು ಮನೆಯಲ್ಲಿ ಮತ್ತೆ ತುಂಬುವುದಕ್ಕೆ ತಮ್ಮ ಲೈಸೆನ್ಸಿನಲ್ಲಿ ಅವಕಾಶವಿದೆಯೇ ಎಂಬುದನ್ನು ಮೊದಲು ವಿಚಾರಿಸಿ ತಿಳಿಯಬೇಕು. ಅವಕಾಶವಿದ್ದರೆ ಈ ಕೆಲಸವನ್ನು ಹಗಲಿನಲ್ಲಿ, ಬೆಂಕಿಯಿಲ್ಲದ ಕೋಣೆಯಲ್ಲಿ, ಮಕ್ಕಳು ಹತ್ತಿರ ಸುಳಿಯದಂತೆ ಮಾಡತಕ್ಕದ್ದು. ಬೀಡಿ ಸಿಗರೇಟುಗಳನ್ನು ಸೇದುವ ನೆಂಟರು ಬಂದರೆ ಕೆಲಸವನ್ನು ನಿಲ್ಲಿಸಿರಿ. ಮೇಜಿನ ಮೇಲೆ ಒಂದೇ ಬಗೆಯ ಮದ್ದಿರಬೇಕು. ಅದೂ ಆಗ ಬೇಕಾದಷ್ಟು ಮಾತ್ರ. ಉಳಿದುದು ಮುಚ್ಚಿದ ಡಬ್ಬದಲ್ಲಿ, ಪೆಟ್ಟಿಗೆಯೊಳಗೇ ಇರಬೇಕು. ಅಳತೆಯ ಪಾತ್ರೆ ಹಿತ್ತಾಳೆಯದೋ ತಾಮ್ರದ್ದೋ ಮರದ್ದೋ ಆಗಿರಲಿ, ಕಬ್ಬಿಣದ್ದು ಬೇಡ. ಕೆಲಸ ಮುಗಿದ ಮೇಲೆ ಮಿಕ್ಕ ಮದ್ದನ್ನು ಅದರದೇ ಡಬ್ಬಕ್ಕೆ ಸೇರಿಸಬೇಕು. ನೆಲದ ಮೇಲೆ ಚೆಲ್ಲಿದುದನ್ನು ಒದ್ದೆಬಟ್ಟೆಯಿಂದ ಒರೆಸಿ ತೆಗೆಯಬೇಕು. ಗುಡಿಸಿ ಒಲೆಗೆ ಹಾಕಬಾರದು, ವಿದ್ಯುತ್ತಿನ ಯಂತ್ರದಿಂದ ಹೀರಿಸಬಾರದು.

ಕೇಪಿನ ಕೋವಿಯುಳ್ಳವರು ಗದ್ದೆಯಲ್ಲಿಯೂ ಒಂದು ನಿಯಮವನ್ನು ಪಾಲಿಸಬೇಕು. ಒಂದು ಈಡು ಹಾರಿಸಿದ ಮೇಲೆ ನಳಿಗೆಯೊಳಗೆ ಕೆಂಡದ ಕಣವೊಂದು ಉಳಿದಿರಬಹುದು. ಆಗ ಮದ್ದಿನ ಕೊಂಬನ್ನೇ ನಳಿಗೆಯ ಬಾಯಿಗೆ ಹಿಡಿದು ಸುರಿದರೆ ಉರಿ ಮೇಲಕ್ಕೇರಿ ಕೊಂಬೆಲ್ಲ ಕೈಯಲ್ಲಿಯೇ ಸಿಡಿಯುತ್ತದೆ. ಕೊಂಬಿನಿಂದ ಅಳತೆಗೆ ಹಾಕಿಕೊಂಡು, ಕೊಂಬನ್ನು ಮುಚ್ಚಿ ಬದಿಗಿಟ್ಟು, ಅಳತೆಯಿಂದಲೇ ನಳಿಗೆಗೆ ಹಾಕತಕ್ಕದ್ದು.

8. ಹಬ್ಬದ ದಿನಗಳಲ್ಲಿ

ಆಯುಧಪೂಜೆಯ ದಿನ ಕೋವಿಯನ್ನು ತೊಳೆದು, ಹೂವೇರಿಸಿ, ದೀಪದ ಮುಂದೆ ಇಡುವುದು ನಮ್ಮ ಸಂಪ್ರದಾಯ. ಕೊಡಗಿನಲ್ಲಿ ಕೈಲುಮುಹೂರ್ತದಂದು ಕೋವಿಗೆ ಪೂಜೆಯುಂಟು. ಪೂಜೆಗೆ ನನ್ನ ಆಕ್ಷೇಪಣೆಯಿಲ್ಲ. ಆದರೆ ಕೋವಿಯೊಡನೆ ಮದ್ದಿನ ಕೊಂಬು, ತೋಟೆಯ ಪಟ್ಟಿ, ಕೇಪಿನ ಡಬ್ಬಗಳನ್ನೂ ಇಟ್ಟು ಕರ್ಪೂರದ ಆರತಿ ಎತ್ತುವುದನ್ನು ನಾನೇ ಕಂಡಿದ್ದೇನೆ. ಪೂಜೆಗೆ ಇಡುವ ಕೋವಿ ಬರಿದಾಗಿರಲಿ. ಮದ್ದು ಪೆಟ್ಟಿಗೆಯಲ್ಲಿಯೇ ಇರಲಿ. ದೀಪಾವಳಿಯ ಪಟಾಕಿಗಳನ್ನು ಮದ್ದಿನ ಕೋಣೆಯಲ್ಲಿ ಇಡಬೇಡಿ. ಕೋವಿಮದ್ದನ್ನು ಕೊಟ್ಟು ಮಕ್ಕಳ ಆಟಕ್ಕೆ ಎಡೆಮಾಡಬೇಡಿ.

9. ಹಳೆಯ ಮದ್ದು

“ಅದು ತಾತನ ಕಾಲದ್ದು, ಈಗ ಅದರಲ್ಲಿ ಸತ್ವವಿಲ್ಲ” ಎಂಬ ಮಾತನ್ನು ಎಲ್ಲೆಲ್ಲಿಯೂ ಕೇಳುತ್ತೇವೆ. ಇದು ನಿಜವಲ್ಲ. ಒಣಗಿದಂತಿದ್ದ ಕರಿಮದ್ದಿನ ಸತ್ವ ನೂರು ವರ್ಷವಾದರೂ ಹೋಗುವುದಿಲ್ಲ. ಅಮೆರಿಕದಲ್ಲಿ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದ ಫಿರಂಗಿಯ ಗುಂಡೊಂದು 2008ನೆಯ ಇಸವಿಯಲ್ಲಿ ವರ್ಜೀನಿಯಾ ಪ್ರಾಂತದಲ್ಲಿ, ಅದನ್ನು ಶುಚಿಮಾಡುತ್ತಿದ್ದ ಸಂಗ್ರಾಹಕನ ಬಳಿ ಸಿಡಿದು ಅವನು ಮೃತನಾದನು. ನೂರನಾಲ್ವತ್ತು ವರ್ಷಗಳಿಗೂ ಮೇಲೆ ಆ ಮದ್ದು ಕಾದುಕೊಂಡಿದ್ದಿತು.

ಕೋವಿಯುಳ್ಳ ಯಜಮಾನನು ತೀರಿಹೋದಾಗ ಮಕ್ಕಳು ಕೋವಿಯನ್ನು ಠಾಣೆಗೆ ಒಪ್ಪಿಸುತ್ತಾರೆ. ಚುನಾವಣೆಯ ಕಾಲದಲ್ಲಿ ಲೈಸೆನ್ಸುದಾರರೂ ಹಾಗೆಯೇ ಮಾಡುತ್ತಾರೆ. ಮದ್ದಿನ ಡಬ್ಬ ಮಾತ್ರ ಅಟ್ಟದಲ್ಲಿಯೇ ಉಳಿಯುತ್ತದೆ. ಮನೆ ಭಾಗವಾದಾಗ ಅದು ಯಾರ ಪಾಲಿಗೂ ಸೇರದೆ, ಕೊನೆಗೆ ಮಾಡನ್ನು ಬಿಚ್ಚುವ ಕೂಲಿಯಾಳಿನ ಕೈಗೆ ಬರುತ್ತದೆ. ಇಂಥ ಡಬ್ಬ ಸಿಕ್ಕಿದರೆ ಬಲವಂತದಿಂದ ಮುಚ್ಚಳ ತೆಗೆಯಬೇಡಿ, ಸುಡಬೇಡಿ, ಬಾವಿಗೂ ತಿಪ್ಪೆಗೂ ಎಸೆಯಬೇಡಿ. ಇದ್ದಲ್ಲಿಯೇ ಬಿಟ್ಟು ಠಾಣೆಗೆ ತಿಳಿಸಿ, ಅವರು ಹೇಳಿದಂತೆ ನಡೆಯಿರಿ.

10. ಬೆಂಕಿ ಬಿದ್ದರೆ

ಮನೆಗೆ ಬೆಂಕಿ ಬಿದ್ದಾಗ ಮದ್ದನ್ನು ಹೊರಕ್ಕೆ ತರುತ್ತೇನೆಂದು ಒಳಗೆ ನುಗ್ಗಬಾರದು. ಮಕ್ಕಳು, ಮುದುಕರು, ದನಕರುಗಳನ್ನು ಮೊದಲು ದೂರ ಸಾಗಿಸಿ, ಆರಿಸಲು ಬಂದವರೆಲ್ಲರಿಗೂ ಮದ್ದಿರುವ ಕೋಣೆ ಯಾವುದೆಂದು ಕೂಗಿ ಹೇಳಬೇಕು. ಅಗ್ನಿಶಾಮಕ ದಳದವರಿಗೆ 101 ಅಥವಾ 112 ಎಂಬ ಸಂಖ್ಯೆಗೆ ದೂರವಾಣಿ ಮಾಡುವಾಗಲೂ ಇದನ್ನು ಮುಚ್ಚಿಡಬಾರದು. ಬೆಂಕಿ ಆ ಕೋಣೆಯನ್ನು ಮುಟ್ಟಿದ್ದರೆ ಎಲ್ಲರೂ ಹಿಂದಕ್ಕೆ ಸರಿಯಬೇಕು. ಮನೆಯನ್ನು ಮತ್ತೆ ಕಟ್ಟಬಹುದು.

ಸುಟ್ಟ ಗಾಯಕ್ಕೆ ಕೂಡಲೆ ಹರಿಯುವ ತಣ್ಣೀರನ್ನು ಇಪ್ಪತ್ತು ನಿಮಿಷಗಳವರೆಗೆ ಬಿಡಬೇಕು. ಉಂಗುರ, ಬಳೆಗಳನ್ನು ಊದುವುದಕ್ಕೆ ಮುಂಚೆ ತೆಗೆಯಬೇಕು. ಎಣ್ಣೆ, ಮಸಿ, ಸಗಣಿ, ಮಣ್ಣು ಏನನ್ನೂ ಹಚ್ಚಬಾರದು. ಕಣ್ಣಿಗೆ ತಗುಲಿದ್ದರೆ ಉಜ್ಜದೆ ಶುದ್ಧವಾದ ನೀರಿನಿಂದ ತೊಳೆದು, ಚೊಕ್ಕಟವಾದ ಬಟ್ಟೆ ಹೊದೆಸಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

11. ಮುಖಂಡರಲ್ಲಿ ವಿಜ್ಞಾಪನೆ

ಕೋವಿಯ ಲೈಸೆನ್ಸು 1959ನೆಯ ಇಸವಿಯ ಆಯುಧಗಳ ಶಾಸನಕ್ಕೆ ಸೇರಿದುದು. 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣೆಯ ಶಾಸನವು ಬೇರೆ. ಕೋವಿಗೆ ಲೈಸೆನ್ಸಿದ್ದ ಮಾತ್ರಕ್ಕೆ ಕಾಡುಮೃಗವನ್ನು ಕೊಲ್ಲುವ ಅಧಿಕಾರ ಬರುವುದಿಲ್ಲವೆಂಬುದನ್ನು ಯುವಕರಿಗೆ ತಿಳಿಯಹೇಳಬೇಕು. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನ ವಿಷಯದಲ್ಲಿ ವಿನಾಯಿತಿಯುಂಟು. ಆದರೆ ಬೆಂಕಿಯು ಯಾರಿಗೂ ವಿನಾಯಿತಿ ಕೊಡುವುದಿಲ್ಲ.

ಮುಖಂಡರಾದ ತಾವು ಮಳೆಗಾಲಕ್ಕೆ ಮುಂಚೆ ಒಂದು ಸಲ, ಆಯುಧಪೂಜೆಗೆ ಮುಂಚೆ ಒಂದು ಸಲ, ಕೋವಿಯುಳ್ಳ ಮನೆಗಳವರನ್ನು ಕೂಡಿಸಿ “ಮದ್ದು ಎಲ್ಲಿದೆ?” ಎಂದು ಕೇಳಬೇಕೆಂದು ನನ್ನ ಬೇಡಿಕೆ. ಕೇಳುವುದರಿಂದ ಯಾರ ಮರ್ಯಾದೆಗೂ ಕುಂದಿಲ್ಲ. ಆ ಒಂದು ಪ್ರಶ್ನೆಯನ್ನು ನಾನು ಸಕಾಲದಲ್ಲಿ ಕೇಳಿದ್ದರೆ ಒಬ್ಬ ಬಾಲಕನಿಗೆ ಎರಡು ಕಣ್ಣುಗಳೂ ಉಳಿಯುತ್ತಿದ್ದುವು. ಆ ಮನೆಯಲ್ಲಿ ಈಗ ಮದ್ದು ಮರದ ಪೆಟ್ಟಿಗೆಯಲ್ಲಿದೆ. ಬೀಗದ ಕೈ ಯಜಮಾನರ ಉಡಿದಾರದಲ್ಲಿದೆ. ತಮ್ಮ ಮನೆಗಳಲ್ಲಿ ಅಂಥ ಪಾಠ ಕಲಿಯುವ ಮೊದಲೇ ಈ ಏರ್ಪಾಡು ಆಗಲೆಂದು ಪ್ರಾರ್ಥಿಸುತ್ತೇನೆ.

ನೆನಪಿನಲ್ಲಿಡತಕ್ಕ ಮುಖ್ಯಾಂಶಗಳು

(1) ಒಂದು ಬೆಳೆಗೆ ಬೇಕಾದಷ್ಟೇ ಮದ್ದನ್ನು, ಮಳೆ ಹಿಂಜರಿದ ಮೇಲೆ ತನ್ನಿರಿ.
(2) ತಂದ ಡಬ್ಬದಲ್ಲಿಯೇ, ಅಂಗುಲ ದಪ್ಪದ ಮರದ ಪೆಟ್ಟಿಗೆಯೊಳಗೆ, ಬೀಗ ಹಾಕಿ ಇಡಿರಿ. ಕಬ್ಬಿಣದ ಪೆಟ್ಟಿಗೆಯೂ ಗಾಜಿನ ಸೀಸೆಯೂ ಬೇಡ.
(3) ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ. ಗೊಬ್ಬರ, ಗಂಧಕ, ಸುಣ್ಣ, ಎಣ್ಣೆಗಳ ಜೊತೆ ಇಡಬೇಡಿ.
(4) ಕರಿಮದ್ದು, ಹೊಗೆಯಿಲ್ಲದ ಮದ್ದು, ಕೇಪು ಮೂರೂ ಬೇರೆ ಬೇರೆ ಇರಲಿ.
(5) ತೇವವಾದ ಮದ್ದನ್ನು ಒಣಗಿಸಬೇಡಿ. ಹಳೆಯ ಮದ್ದನ್ನು ಮುಟ್ಟದೆ ಠಾಣೆಗೆ ತಿಳಿಸಿರಿ.
(6) ಪೂಜೆಯ ದೀಪದ ಮುಂದೆ ಮದ್ದು ಬರಬಾರದು.
(7) ಬೆಂಕಿ ಬಿದ್ದರೆ ಮದ್ದನ್ನು ಉಳಿಸಲು ಹೋಗಬೇಡಿ, ಮನೆಯವರನ್ನು ಉಳಿಸಿರಿ.